ಕ್ರಿಸ್ತಜನನವೂ ಕನ್ನಡ ನುಡಿಯೂ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಕ್ರಿಸ್‌ಮಸ್ ಹಬ್ಬವನ್ನು ಕುರಿತು ಒಂದೆರಡು ಲೇಖನಗಳು ಪ್ರಕಟವಾಗುವುದು ವಾಡಿಕೆಯಾಗಿದೆ. ಮನೆಗೆ ಬರುವ ಪತ್ರಿಕೆಗಳಿಂದ ಅಂತಹ ಲೇಖನಗಳನ್ನು ಕತ್ತರಿಸಿ, ಕೆಲವು ವರ್ಷಗಳಿಂದ ಒಂದು ಕಡತದಲ್ಲಿ ಇಟ್ಟುಕೊಂಡು ಬಂದಿದ್ದೆನು. ಈಚೆಗೆ ಅವನ್ನೆಲ್ಲ ಒಟ್ಟಿಗೆ ಓದಿ ನೋಡಲಾಗಿ ಒಂದು ಸಂಗತಿ ಮನಸ್ಸಿಗೆ ಹತ್ತಿತು. ಅವುಗಳಲ್ಲಿ ಕಾಗದದ ನಕ್ಷತ್ರವಿದೆ, ಹಸಿರು ಮರವಿದೆ, ಕೇಕು ಇದೆ, ಕೆಂಪು ಅಂಗಿಯ ಸಾಂತಾ ಕ್ಲಾಸ್ ಇದ್ದಾನೆ; ಸಂಭ್ರಮ, ಸಡಗರ, ಸೌಹಾರ್ದ ಎಂಬ ಮಾತುಗಳು ಧಾರಾಳವಾಗಿವೆ. ಹುಟ್ಟಿದ ಮಗು ಮಾತ್ರ ಇಲ್ಲ. ಇದ್ದರೂ, ಲೇಖನದ ಕೊನೆಯಲ್ಲಿ ಒಬ್ಬ ಮಹಾಮಾನವನೆಂದೋ ಶಾಂತಿದೂತನೆಂದೋ ಬಿರುದನ್ನು ಪಡೆದು, ಬಂದಷ್ಟೇ ಬೇಗನೆ ಹೊರಟುಹೋಗುತ್ತದೆ. ಬಾಣಂತಿಯ ಮನೆಗೆ ಹೋಗಿ, ತೊಟ್ಟಿಲ ಕಡೆಗೆ ಕಣ್ಣೆತ್ತಿಯೂ ನೋಡದೆ, ಊಟ ಮುಗಿಸಿಕೊಂಡು ಬಂದ ನೆಂಟನ ವರ್ತಮಾನದಂತಿವೆ ಈ ಬರಹಗಳು.

ನಾನು ಕ್ರೈಸ್ತಮತದವನಲ್ಲ. ಆ ಮತದ ಹಬ್ಬದಲ್ಲಿ ಯಾವುದು ನಡುವೆ ಇರಬೇಕು, ಯಾವುದು ಅಂಚಿನಲ್ಲಿರಬೇಕು ಎಂದು ಹೇಳಲು ನನಗೇನು ಅಧಿಕಾರವೆಂದು ವಾಚಕರು ಕೇಳಿದರೆ ತಪ್ಪಿಲ್ಲ. ನಾನು ಹೇಳಹೊರಟಿರುವುದು ಸಾಹಿತ್ಯದ ಮಾತು. ನಾನಿರುವುದು ಗವಿಪುರದಲ್ಲಿ. ಇಲ್ಲಿಯ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಮಕರಸಂಕ್ರಾಂತಿಯ ಸಂಜೆ ಸೂರ್ಯನ ಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗವನ್ನು ಮುಟ್ಟುವುದು ಎಲ್ಲರೂ ಬಲ್ಲ ವಿಷಯ. ಆ ದಿನ ಬರುವ ಜನವೆಷ್ಟು, ದೂರದರ್ಶನದ ಯಂತ್ರಗಳೆಷ್ಟು! ಅದನ್ನು ಕುರಿತು ಒಬ್ಬನು ಬರೆಯುತ್ತ, ಬೆಳಕಿನ ಕೋನವನ್ನೂ ಶಿಲ್ಪಿಯ ಚಾತುರ್ಯವನ್ನೂ ಹೊರಗಿನ ಕಬ್ಬು ಕಡಲೆಕಾಯಿಯ ರಾಶಿಯನ್ನೂ ವರ್ಣಿಸಿ, ಒಳಗೆ ಲಿಂಗವೊಂದಿದೆ ಎಂಬುದನ್ನು ಹೇಳದೆ ಬಿಟ್ಟರೆ ಆ ಬರಹ ಯಾರಿಗೆ ಒಪ್ಪಿಗೆಯಾದೀತು? ಓದುವವನು ಶಿವಭಕ್ತನೇ ಆಗಬೇಕಿಲ್ಲ. ಬರೆದವನು ವಿಷಯವನ್ನೇ ಬಿಟ್ಟನೆಂದು ಯಾರಾದರೂ ಹೇಳುವರು. ಕ್ರಿಸ್‌ಮಸ್ ಬರಹದ ಮೇಲೆ ನನ್ನ ಆಕ್ಷೇಪಣೆಯೂ ಇಷ್ಟೇ. ದೇವರು ಮನುಷ್ಯನಾಗಿ, ಅದೂ ತಲೆಯನ್ನು ತಾನೇ ಎತ್ತಲಾರದ ಎಳೆಗೂಸಾಗಿ, ಬಂದನೆಂಬುದು ಆ ಹಬ್ಬದ ಮಾತು. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆ ಮಾತನ್ನು ತೆಗೆದರೆ ಮಾತ್ರ ಉಳಿಯುವುದು ಚಳಿಗಾಲದ ಒಂದು ಸಂತೆ.

ಈ ಲೋಪಕ್ಕೆ ಕನ್ನಡ ಭಾಷೆಯ ಬಡತನ ಕಾರಣವಲ್ಲ. ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡವನ್ನು ಕಲಿತು, ಬೈಬಲನ್ನು ಭಾಷಾಂತರಿಸತೊಡಗಿದರು. 1830ರ ಸುಮಾರಿಗೆ ಇಡೀ ಗ್ರಂಥವು ಕನ್ನಡದಲ್ಲಿ ಅಚ್ಚಾಯಿತು. ಆಮೇಲೆ ಬೇರೆಬೇರೆ ಕೈಗಳಿಂದ ಪರಿಷ್ಕಾರಗಳು ನಡೆದು, ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇಂದಿಗೂ ಓದುವ ಹಳೆಯ ಪಾಠವು ಸಿದ್ಧವಾಯಿತು. ಪಾದ್ರಿಗಳ ಕನ್ನಡವೆಂದು ಮೂಗು ಮುರಿಯುವುದು ನಮ್ಮ ವಿದ್ವಾಂಸರಲ್ಲಿ ಬಹುಕಾಲದಿಂದ ಇರುವ ಅಭ್ಯಾಸ. ಆ ಗ್ರಂಥದ ಅನೇಕ ಭಾಗಗಳ ವಿಷಯದಲ್ಲಿ ಅದು ಅನ್ಯಾಯವೂ ಅಲ್ಲ. ಆದರೆ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಯಾರಾದರೂ ಗಟ್ಟಿಯಾಗಿ ಓದಿ ನೋಡಲಿ. ಅಲ್ಲಿರುವ ನಾಲ್ಕು ಮಾತುಗಳನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಖಾನೇಷುಮಾರಿ. ರೋಮಿನ ಚಕ್ರವರ್ತಿಯಾದ ಔಗುಸ್ತನು ಜನಗಣತಿಗೆ ಆಜ್ಞೆ ಮಾಡಿದುದನ್ನು ಹೇಳುವಲ್ಲಿ ಅನುವಾದಕರು ಈ ಪಾರಸಿ ಮಾತನ್ನು ಬಳಸಿದರು. ಸಂಸ್ಕೃತದಿಂದ ಒಂದು ಗಂಭೀರ ಪದವನ್ನು ಕಟ್ಟಿಕೊಳ್ಳುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ಶಾನುಭೋಗನ ದಫ್ತರದ ಈ ಮಾತು ಬಂದುದರಿಂದ ಕಥೆಯ ಬಾಗಿಲಲ್ಲಿಯೇ ಸರಕಾರ ಬಂದು ನಿಂತಂತಾಯಿತು. ತುಂಬಿದ ಬಸುರಿಯೊಬ್ಬಳು ನಜರೇತಿನಿಂದ ಬೇತ್ಲೆಹೇಮಿಗೆ ಹೊರಟದ್ದು ಯಾತ್ರೆಗಾಗಿ ಅಲ್ಲ, ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಯಿಸುವುದಕ್ಕಾಗಿ. ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಮನೆಗಳನ್ನು ಎಣಿಸುವ ಆಜ್ಞೆಗೆ ತಲೆಬಾಗಿ ಹೋದವರಿಗೆ ಆ ರಾತ್ರಿ ಇರುವುದಕ್ಕೆ ಮನೆಯೇ ಇಲ್ಲ! ಈ ವಿಪರ್ಯಾಸವು ಮೂಲವಾದ ಗ್ರೀಕಿನ ಪದದಲ್ಲಿ ಇಲ್ಲ. ಕನ್ನಡದ ಮಾತು ತಾನಾಗಿ ತಂದುಕೊಟ್ಟಿತು. (ಹೆರೋದನು ಸತ್ತದ್ದು ಕ್ರಿಸ್ತಪೂರ್ವ 4ರಲ್ಲಿ, ಲೂಕನು ಹೆಸರಿಸುವ ಕುರೇನ್ಯನ ಗಣತಿ ನಡೆದದ್ದು ಕ್ರಿಸ್ತಶಕ 6ರಲ್ಲಿ ಎಂದು ಚರಿತ್ರಕಾರರು ಹೇಳುವ ತೊಡಕು ಬೇರೆಯೇ ಇದೆ. ಅದು ಈ ಲೇಖನಕ್ಕೆ ಸೇರಿದ್ದಲ್ಲ.)

ಎರಡನೆಯದು ಛತ್ರ. ಲೂಕನ ಗ್ರೀಕಿನಲ್ಲಿ ಇಲ್ಲಿರುವ ಪದಕ್ಕೆ ಅತಿಥಿಗಳ ಕೋಣೆಯೆಂಬ ಅರ್ಥವೇ ಹೆಚ್ಚು ಸಲ್ಲುವುದೆಂದು ಪಂಡಿತರ ಅಭಿಪ್ರಾಯ. ಕ್ರಿಸ್ತನು ಶಿಷ್ಯರೊಡನೆ ಕಡೆಯ ಊಟ ಮಾಡಿದ ಮಾಳಿಗೆಗೂ ಲೂಕನು ಅದೇ ಪದವನ್ನು ಬಳಸಿದ್ದಾನೆ. ಹಣ ಕೊಟ್ಟು ತಂಗುವ ಮನೆಗೆ ಅವನು ಉಪಯೋಗಿಸುವ ಪದವು ಬೇರೆ. ಅದು ದಯಾಳುವಾದ ಸಮಾರ್ಯದವನ ಕಥೆಯಲ್ಲಿದೆ. ಆದುದರಿಂದ ಛತ್ರವೆಂಬುದು ಸೂಕ್ಷ್ಮವಾಗಿ ನೋಡಿದರೆ ಸರಿಯಾದ ಅನುವಾದವಲ್ಲವೆನ್ನಬೇಕು. ಆದರೂ ಅದನ್ನು ತಿದ್ದಲು ನನಗೆ ಮನಸ್ಸು ಬಾರದು. ಇಂಗ್ಲಿಷಿನವರ ತಂಗುಮನೆಯಲ್ಲಿ ಸ್ಥಳ ಸಿಕ್ಕದಿದ್ದರೆ ಅದು ವ್ಯಾಪಾರದ ಮಾತು. ಕೋಣೆಗಳು ತುಂಬಿದ್ದವು, ಅಷ್ಟೇ. ಛತ್ರವಾದರೋ ಧರ್ಮಕ್ಕೆಂದು ಕಟ್ಟಿಸಿದ್ದು. ನಮ್ಮ ಊರಿನ ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವನ್ನು ನೆನೆದುಕೊಳ್ಳಿ. ದಾರಿಗನಿಗೆ ನೆರಳು ಕೊಡುವುದೇ ಅಂತಹ ಕಟ್ಟಡದ ಜೀವ. ಧರ್ಮಛತ್ರದಲ್ಲಿಯೇ ಬಸುರಿ ಹೆಂಗಸಿಗೆ ಜಾಗವಿಲ್ಲವೆಂದರೆ, ಕನ್ನಡದಲ್ಲಿ ಅದು ಧರ್ಮದ ಮೇಲೆಯೇ ಬಂದ ಆಪಾದನೆಯಾಗುತ್ತದೆ.

ಮೂರನೆಯದು ಕುರುಬರು. ಹೊಲದಲ್ಲಿ ರಾತ್ರಿ ಮಂದೆ ಕಾಯುತ್ತಿದ್ದವರನ್ನು ಈ ಅನುವಾದವು ಕುರುಬರೆಂದೇ ಕರೆಯುತ್ತದೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗನಿಗೆ ಇದು ಚಿತ್ರಪಟದ ಜನವಲ್ಲ. ಹೆಗಲ ಮೇಲೆ ಕಂಬಳಿ ಹೊದ್ದು, ಬೀರಪ್ಪನಿಗೂ ಮೈಲಾರನಿಗೂ ನಡೆದುಕೊಂಡು, ಸುಗ್ಗಿ ಕಳೆದ ಹೊಲಗಳಲ್ಲಿ ಕುರಿ ನಿಲ್ಲಿಸುವ ಜನ. ದೇವದೂತನ ವರ್ತಮಾನ ಮೊದಲು ಹೋದದ್ದು ಇವರ ಬಳಿಗೆ. ಯೆರೂಸಲೇಮಿನ ದೇವಾಲಯದ ಯಾಜಕರಿಗೆ ಆ ರಾತ್ರಿ ಏನೂ ತಿಳಿಯಲಿಲ್ಲ. ಇನ್ನು ಮತ್ತಾಯನ ಸುವಾರ್ತೆಯಲ್ಲಿ ಪೂರ್ವದಿಂದ ಬಂದ ವಿದ್ವಾಂಸರನ್ನು ಅದೇ ಕನ್ನಡ ಪಾಠವು ಜೋಯಿಸರೆಂದು ಕರೆಯಿತು. ಎಂತಹ ಮಾತು! ಪಂಚಾಂಗವನ್ನು ಕಂಕುಳಲ್ಲಿ ಇಟ್ಟುಕೊಂಡ ನಮ್ಮ ಬೀದಿಯವರೇ ಒಬ್ಬರು ನಕ್ಷತ್ರವನ್ನು ಹಿಂಬಾಲಿಸಿ ಹೊರಟಂತೆ ಕಾಣುತ್ತದೆ. ಕುರುಬರು ಲೂಕನವರು, ಜೋಯಿಸರು ಮತ್ತಾಯನವರು. ಅಂಗಡಿಯಲ್ಲಿ ಮಾರುವ ಬೊಂಬೆಗಳ ಸಾಲಿನಲ್ಲಿ ಇಬ್ಬರೂ ಒಟ್ಟಿಗೆ ಕೈಮುಗಿದು ನಿಂತಿರುವುದನ್ನು ಕಂಡು ಅಭ್ಯಾಸವಾದ ನಮಗೆ, ಎರಡು ಕಥೆಗಳಿವೆಯೆಂಬುದೇ ಮರೆತುಹೋಗಿದೆ. ಮಾರ್ಕನೂ ಯೋಹಾನನೂ ಈ ಜನನದ ಕಥೆಯನ್ನು ಹೇಳುವುದೇ ಇಲ್ಲ.

ನಾಲ್ಕನೆಯ ಮಾತು ಗೋದಲಿ. ದನಗಳ ಮುಂದೆ ಮೇವು ಹಾಕುವ ತೊಟ್ಟಿಗೆ ಈ ಹೆಸರು. ಉತ್ತರದ ಕಡೆಯ ಹಳ್ಳಿಗಳಲ್ಲಿ ಇದನ್ನು ಗ್ವಾದಲಿ ಎನ್ನುವರು. ಎಂಜಲು ಹುಲ್ಲೂ ದನದ ಜೊಲ್ಲೂ ಹತ್ತಿದ ಈ ತೊಟ್ಟಿಯಲ್ಲಿ ಮಗುವನ್ನು ಮಲಗಿಸಿದರೆಂದು ಲೂಕನು ಹೇಳುತ್ತಾನೆ. ಎತ್ತು ಕತ್ತೆಗಳನ್ನು ಅವನು ಹೆಸರಿಸುವುದಿಲ್ಲ. ಅವು ಯೆಶಾಯನೆಂಬ ಪ್ರವಾದಿಯ ಗ್ರಂಥದ ಮೊದಲನೆಯ ಅಧ್ಯಾಯದಿಂದ ಮುಂದಿನವರು ಹೊಡೆದುಕೊಂಡು ಬಂದವು. ಗವಿಯ ಮಾತೂ ಅವನಲ್ಲಿಲ್ಲ. ಆದರೆ ಕ್ರಿಸ್ತನು ಗವಿಯೊಂದರಲ್ಲಿ ಹುಟ್ಟಿದನೆಂದು ಎರಡನೆಯ ಶತಮಾನದಲ್ಲಿಯೇ ಜಸ್ಟಿನನೆಂಬ ಗ್ರಂಥಕಾರನು ಬರೆದಿದ್ದಾನೆ. ಬೇತ್ಲೆಹೇಮಿನಲ್ಲಿ ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ ದೇವಾಲಯವು ನಿಂತದ್ದು ಒಂದು ಗವಿಯ ಮೇಲೆಯೇ. ಗವಿಪುರದವನಾದ ನನಗೆ ಇದನ್ನು ಓದಿದಾಗ ಒಂದು ಬಗೆಯ ನೆರೆಹೊರೆಯ ಸಲಿಗೆ ಉಂಟಾಯಿತೆಂದು ಒಪ್ಪಿಕೊಳ್ಳುತ್ತೇನೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸೀಸಿಯ ಫ್ರಾನ್ಸಿಸನು ನಿಜವಾದ ಎತ್ತನ್ನೂ ಕತ್ತೆಯನ್ನೂ ಹುಲ್ಲನ್ನೂ ತರಿಸಿ ಕ್ರಿಸ್ತಜನನದ ದೃಶ್ಯವನ್ನು ಕಟ್ಟಿದನು. ನೋಡಿದ ಜನಕ್ಕೆ ದೇವರ ಬಡತನ ಕಣ್ಣಿಗೆ ಕಾಣಲೆಂಬುದು ಅವನ ಇಷ್ಟವಾಗಿತ್ತು. ಇಂದು ನಮ್ಮ ಕ್ರೈಸ್ತರ ಮನೆಗಳಲ್ಲಿ ಕಟ್ಟುವ ಗೋದಲಿ ಆ ಪರಂಪರೆಯದು. ಆದರೆ ಈಗ ಗೋದಲಿ ಎಂದರೆ ಪಟ್ಟಣದ ಮಕ್ಕಳಿಗೆ ವಿದ್ಯುದ್ದೀಪಗಳಿಂದ ಬೆಳಗುವ ಬೊಂಬೆಮನೆ. ಗೋದಲಿಗಳಿಗೆ ಸ್ಪರ್ಧೆಗಳೂ ಬಹುಮಾನಗಳೂ ಉಂಟು. ತೊಟ್ಟಿ ಹೋಯಿತು, ಅದರ ಹೆಸರು ಅಲಂಕಾರಕ್ಕೆ ಅಂಟಿಕೊಂಡಿತು. ಒಂದು ಶಬ್ದದ ಅರ್ಥವು ಹೀಗೆ ಜಾರಿಹೋಗುವುದರಲ್ಲಿ ಒಂದು ಹಬ್ಬದ ಅರ್ಥವೂ ಜಾರಿದ್ದನ್ನು ಕಾಣಬಹುದು.

ದಫ್ತರ, ದಾರಿ, ಹೊಲ, ಕೊಟ್ಟಿಗೆ: ಈ ನಾಲ್ಕು ಕಡೆಯ ಮಾತುಗಳಿಂದ ಹೆಣೆದ ಆ ಅಧ್ಯಾಯದಲ್ಲಿ ಭಕ್ತಿಯ ಉದ್ಗಾರಕ್ಕಿಂತ ವರದಿಯ ಧಾಟಿ ಹೆಚ್ಚು. ಆದುದರಿಂದಲೇ ನಡುವೆ ಬರುವ ದೇವದೂತರ ಬೆಳಕು ಕಣ್ಣು ಕುಕ್ಕುತ್ತದೆ. ನಮ್ಮ ಈಗಿನ ಲೇಖಕರು ಮೊದಲನೆಯ ವಾಕ್ಯದಿಂದಲೇ ಬೆಳಕನ್ನು ಚೆಲ್ಲುತ್ತಾರೆ. ಕತ್ತಲೆ ಎಲ್ಲಿಯೂ ಇಲ್ಲವಾಗಿ ಬೆಳಕಿಗೂ ಕೆಲಸವಿಲ್ಲ.

ಈ ಲೇಖನಗಳ ಮೂಲವನ್ನು ಹುಡುಕಿದರೆ ಅದು ಬೇತ್ಲೆಹೇಮಿಗಲ್ಲ, ಲಂಡನ್ನಿಗೆ ಹೋಗಿ ಮುಟ್ಟುತ್ತದೆ. 1843ರ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಡಿಕನ್ಸನು ಸ್ಕ್ರೂಜನೆಂಬ ಜಿಪುಣನ ಕಥೆಯನ್ನು ಪ್ರಕಟಿಸಿದನು. ಒಂದೇ ವರ್ಷದಲ್ಲಿ ಹುಟ್ಟಿದ ಈ ಇಬ್ಬರು ಮುಂದೆ ಡಿಸೆಂಬರಿನ ಪುಟಗಳಲ್ಲಿ ಇಷ್ಟು ಗಾಢವಾಗಿ ಸಂಧಿಸುವರೆಂದು ಯಾರು ಎಣಿಸಿದ್ದರು? ಹಬ್ಬವೆಂದರೆ ಬಡವನ ಮನೆಗೆ ಕೋಳಿ ಕಳುಹಿಸುವುದು, ಒಲೆಯ ಸುತ್ತ ಕುಳಿತು ನಗುವುದು ಎಂಬ ಭಾವನೆ ಲೋಕವೆಲ್ಲ ಹರಡಿದ್ದು ಬಹುಮಟ್ಟಿಗೆ ಆ ಪುಸ್ತಕದಿಂದ. ಅದು ಒಳ್ಳೆಯ ಪುಸ್ತಕ. ನಾನು ಹಲವು ಸಲ ಓದಿದ್ದೇನೆ. ಡಿಕನ್ಸನು ಕ್ರಿಸ್ತನನ್ನು ಮರೆತನೆಂದು ಹೇಳುವುದೂ ನ್ಯಾಯವಲ್ಲ. ಕುಂಟ ಹುಡುಗನು ಚರ್ಚಿನಿಂದ ಬಂದು, ತನ್ನನ್ನು ನೋಡಿದ ಜನರಿಗೆ ಕುಂಟರನ್ನು ನಡೆಯಿಸಿದವನ ನೆನಪು ಬಂದಿರಲೆಂದು ಆಶಿಸುವ ಸ್ಥಳ ಒಂದಿದೆ. ಆ ಒಂದು ಕಿಟಕಿಯಿಂದ ಇಡೀ ಕಥೆಗೆ ಗಾಳಿ ಬರುತ್ತದೆ. ಡಿಕನ್ಸನನ್ನು ಅನುಕರಿಸಿದವರು ಕೋಳಿಯನ್ನು ಇಟ್ಟುಕೊಂಡು ಕಿಟಕಿಯನ್ನು ಮುಚ್ಚಿದರು. ಸಾಂತಾ ಕ್ಲಾಸನ ಗತಿಯೂ ಅದೇ. ಏಷ್ಯಾ ಮೈನರಿನ ಮೈರಾ ಪಟ್ಟಣದ ಬಿಷಪ್ಪನಾಗಿದ್ದ ನಿಕೊಲಸನು ಇಂದು ಅಂಗಡಿಯ ಬಾಗಿಲಲ್ಲಿ ಗಂಟೆ ಬಾರಿಸುತ್ತಿದ್ದಾನೆ.

ಇನ್ನೊಂದು ಕಡೆಯಿಂದಲೂ ಈ ವಿಷಯ ನಮ್ಮ ಕೈ ಜಾರುತ್ತದೆ. ಈ ಜಾರಿಕೆಯು ಹೊರಗಿನಿಂದ ಬಂದದ್ದಲ್ಲ, ನಮ್ಮದೇ. ಕ್ರಿಸ್ತಜನನವನ್ನು ಕೇಳಿದೊಡನೆ ನಮಗೆ ಕೃಷ್ಣಜನನ ನೆನಪಾಗುತ್ತದೆ. ಅಲ್ಲಿಯೂ ನಟ್ಟಿರುಳು, ಅಲ್ಲಿಯೂ ಆಶ್ರಯವಿಲ್ಲದ ತಾಯಿ, ಶಿಶುಹತ್ಯೆ ಮಾಡಿಸುವ ದೊರೆ, ಮಗುವನ್ನು ಎತ್ತಿಕೊಂಡು ಓಡುವ ತಂದೆ. ಕಂಸನೂ ಹೆರೋದನೂ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಇಷ್ಟು ಸಾಮ್ಯವನ್ನು ಕಂಡು, ಇದೂ ಒಂದು ಅವತಾರವೆಂದು ಹೇಳಿ ಸಂತೋಷದಿಂದ ಸುಮ್ಮನಾಗುವುದು ನಮ್ಮ ಸ್ವಭಾವ. ಆ ಸ್ವಭಾವದಲ್ಲಿ ಔದಾರ್ಯವಿದೆ. ನಾನು ಅದನ್ನು ಹಳಿಯಲಾರೆ. ಆದರೆ ವಿಮರ್ಶಕನು ಸಾಮ್ಯದಲ್ಲಿಯೇ ನಿಲ್ಲಬಾರದು. ಭಾಗವತದ ದಶಮಸ್ಕಂಧದಲ್ಲಿ ದೇವಕಿಯ ಮಗನು ಮೊದಲು ಶಂಖಚಕ್ರಗಳೊಡನೆ ಚತುರ್ಭುಜನಾಗಿ ತೋರಿಕೊಂಡು, ತಂದೆತಾಯಿಗಳ ಸ್ತೋತ್ರವನ್ನು ಕೇಳಿ, ಅನಂತರ ಸಾಧಾರಣ ಶಿಶುವಾಗುತ್ತಾನೆ. ಬೀಗಗಳು ಕಳಚುತ್ತವೆ, ಯಮುನೆ ದಾರಿ ಬಿಡುತ್ತದೆ. ಬೇತ್ಲೆಹೇಮಿನ ಮಗು ಏನನ್ನೂ ತೋರಿಸುವುದಿಲ್ಲ. ಅದು ಬಟ್ಟೆಯಲ್ಲಿ ಸುತ್ತಿಸಿಕೊಂಡು ಮಲಗಿದೆ, ಅಷ್ಟೇ. ಮುಂದೆ ಬೆಳೆದು ಹೆರೋದನನ್ನು ಕೊಲ್ಲುವುದೂ ಇಲ್ಲ. ಹೆರೋದನು ತನ್ನ ಕಾಲಕ್ಕೆ ತಾನೇ ಸಾಯುತ್ತಾನೆ. ಸತ್ತ ಶಿಶುಗಳ ತಾಯಂದಿರ ಅಳು ಮತ್ತಾಯನ ಕಥೆಯಲ್ಲಿ ಸಮಾಧಾನವಿಲ್ಲದೆ ಉಳಿಯುತ್ತದೆ. ಹಬ್ಬ ಕಳೆದು ಮೂರೇ ದಿನಕ್ಕೆ, ಡಿಸೆಂಬರ್ 28ರಂದು, ಪಶ್ಚಿಮದ ಸಭೆಗಳು ಆ ಶಿಶುಗಳನ್ನು ಸ್ಮರಿಸುವ ಸಂಪ್ರದಾಯವಿದೆ. ನನ್ನ ಕಡತದ ಲೇಖನಗಳಲ್ಲಿ ಒಂದಾದರೂ ಈ ದಿನದ ಹೆಸರೆತ್ತಿಲ್ಲ. ಶಕ್ತಿಯನ್ನು ಮರೆಸಿಕೊಂಡು ಬಂದ ದೇವರನ್ನು ನಾವು ಬಲ್ಲೆವು. ಶಕ್ತಿಯನ್ನು ಬಿಟ್ಟೇ ಬಂದ ದೇವರೆಂಬುದು ಕ್ರೈಸ್ತರ ಮಾತು. ಇದು ಒಪ್ಪಲು ಕಷ್ಟವಾದದ್ದು. ಕಷ್ಟವಾದುದನ್ನು ಕಷ್ಟವಾಗಿಯೇ ನಮ್ಮ ಮುಂದೆ ಇಡುವುದು ಬರೆಯುವವನ ಧರ್ಮವಲ್ಲವೆ?

ಇದನ್ನು ಪದ್ಯದಲ್ಲಿ ಇಟ್ಟವರಿಲ್ಲವೆಂದಲ್ಲ. ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಜೆಸ್ವಿತನು ಗೋವೆಯಲ್ಲಿ ರಚಿಸಿ 1616ರಲ್ಲಿ ಅಚ್ಚು ಹಾಕಿಸಿದ ಕ್ರಿಸ್ತಪುರಾಣವು ಮರಾಠಿಯ ಓವಿಗಳಲ್ಲಿದೆ. ಹಿಂದಣ ಪುರಾಣಗಳನ್ನು ಬಿಟ್ಟುಬಂದ ಹೊಸ ಕ್ರೈಸ್ತರು ನಮಗೂ ಓದುವುದಕ್ಕೆ ಏನಾದರೂ ಬೇಕೆಂದು ಕೇಳಿದರೆಂಬುದು ಆ ಗ್ರಂಥದ ಪೀಠಿಕೆ. ಕನ್ನಡಜಿಲ್ಲೆಯ ಕಥೋಲಿಕರು ಅದನ್ನು ತಲೆಮಾರುಗಳ ಕಾಲ ಹಾಡಿಕೊಂಡು ಬಂದರು. 1907ರಲ್ಲಿ ಮಂಗಳೂರಿನಲ್ಲಿಯೇ ಜೋಸೆಫ್ ಸಲ್ಡಾನರು ಅದನ್ನು ಮತ್ತೆ ಪ್ರಕಟಿಸಿದರು. ಕನ್ನಡದಲ್ಲಿ ನಿಘಂಟುಕಾರರಾದ ಕಿಟ್ಟೆಲರು 1862ರಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ಕ್ರಿಸ್ತಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದರು. ಕಿಟ್ಟೆಲರ ನಿಘಂಟನ್ನು ಕಣ್ಣಿಗೊತ್ತಿಕೊಳ್ಳುವ ನಾವು ಆ ಪದ್ಯಗ್ರಂಥವನ್ನು ತೆರೆದು ನೋಡಿದವರಲ್ಲ. ಕವಿತೆಯ ದೃಷ್ಟಿಯಿಂದ ಅದು ಮೇಲುಮಟ್ಟದ್ದಲ್ಲವೆಂದು ನನ್ನ ಎಣಿಕೆ; ಆದರೆ ನಾಡಿನ ಮಟ್ಟಿಗೆ ಹೊಂದಿಸಿ ಹೇಳಿದರೆ ಮಾತ್ರ ಮತದ ಮಾತು ಮನೆಯ ಮಾತಾಗುವುದೆಂದು ಆ ಜರ್ಮನ್ ಪಂಡಿತರಿಗೆ ಹೊಳೆದಿತ್ತು.

ಹೊಸಗನ್ನಡದ ನಿಜವಾದ ಮಹಾಕೃತಿಯಾದರೋ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’. ಯೇಸುವಿನ ಕಡೆಯ ದಿನವನ್ನು ಕುರಿತ ಈ ಕಾವ್ಯವನ್ನು ಬರೆದವರು ಕ್ರೈಸ್ತರಲ್ಲ. ಆದರೆ ಅವರು ಶಿಲುಬೆಯನ್ನು ಒಂದು ದೃಷ್ಟಾಂತವಾಗಿ ಮಾಡಿಕೊಳ್ಳಲಿಲ್ಲ, ಕ್ರಿಸ್ತನನ್ನು ಸಜ್ಜನರ ಪಟ್ಟಿಯಲ್ಲಿ ಸೇರಿಸಿ ಕೈತೊಳೆದುಕೊಳ್ಳಲಿಲ್ಲ. ನೋವಿನ ಮುಂದೆ ಕಡೆಯತನಕ ನಿಂತು ನೋಡಿದರು. ಮತದ ಹೊರಗಿದ್ದು ಮತದ ತಿರುಳನ್ನು ಕೆಡಿಸದೆ ಬರೆಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೀಗೆ ನಮಗೆ ಶುಭಶುಕ್ರವಾರದ ಕವಿ ದೊರೆತನು. ಕ್ರಿಸ್‌ಮಸ್ಸಿನ ಕವಿ ಅದೇ ಎತ್ತರದಲ್ಲಿ ದೊರೆಯಲಿಲ್ಲ. ಸಾವನ್ನು ಹಾಡುವುದಕ್ಕಿಂತ ಹುಟ್ಟನ್ನು ಹಾಡುವುದು ಕಠಿನವೆಂದು ತೋರುತ್ತದೆ. ಸಾವಿನಲ್ಲಿ ನಾಟಕವಿದೆ, ಹುಟ್ಟಿನಲ್ಲಿ ಕವಿ ಸ್ವಲ್ಪ ಎಚ್ಚರ ತಪ್ಪಿದರೆ ಜೋಗುಳ ಮಾತ್ರ ಉಳಿಯುತ್ತದೆ.

ಬಿ.ಎಂ.ಶ್ರೀ.ಯವರ ಉದಾಹರಣೆಯನ್ನು ಇಲ್ಲಿ ಯಾರಾದರೂ ತಂದಾರು. ನ್ಯೂಮನ್ನರು 1833ರಲ್ಲಿ ಹಡಗಿನಲ್ಲಿ ಬರೆದ ಪ್ರಾರ್ಥನೆಯನ್ನು ಅವರು ಕನ್ನಡಿಸಿದರು. 1926ರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಿಂದ ಹೊರಟು ಅದು ಶಾಲೆಗಳಲ್ಲಿ, ಮನೆಗಳಲ್ಲಿ, ಸಭೆಗಳಲ್ಲಿ ಎಲ್ಲ ಮತದವರ ಬಾಯಲ್ಲಿಯೂ ನಿಂತಿತು. ಕ್ರೈಸ್ತಭಕ್ತಿಯನ್ನು ಕನ್ನಡಿಗರು ಹೀಗೆ ಒಳಗೆ ಬರಮಾಡಿಕೊಂಡಿರುವಾಗ ಕೊರಗುವುದೇಕೆ? ನಿಜ; ಅದು ನಮ್ಮ ನುಡಿಯ ಭಾಗ್ಯ. ಆದರೆ ಆ ಹಾಡು ಬೆಳಕನ್ನು ಕರೆಯುತ್ತದೆ, ಕ್ರಿಸ್ತನ ಹೆಸರನ್ನು ಹಿಡಿಯುವುದಿಲ್ಲ. ಬೆಳಕಿಗೆ ಯಾರ ಮನೆಯಲ್ಲಿಯೂ ಅಡ್ಡಿಯಿಲ್ಲ. ಗೋದಲಿಯ ಮಗುವಿಗೆ ಒಂದು ಹೆಸರಿದೆ, ಊರಿದೆ, ಖಾನೇಷುಮಾರಿಯ ಲೆಕ್ಕವಿದೆ. ಅದನ್ನು ಒಳಗೆ ಕರೆಯುವುದು ಅಷ್ಟು ಸುಲಭವಲ್ಲ.

ಹಬ್ಬವು ಎಲ್ಲರದೂ ಆಗಲಿ, ಮತದ ಮಾತನ್ನು ಮುಂದೆ ಮಾಡಿದರೆ ನೆರೆಹೊರೆ ಕೆಡುತ್ತದೆ ಎಂಬ ಭಯ ಕೆಲವರಿಗಿದೆ. ನನ್ನ ಅನುಭವ ಬೇರೆ. ನಮ್ಮ ಬೀದಿಯಲ್ಲಿ ನಿವೃತ್ತರಾದ ಕ್ರೈಸ್ತ ಉಪಾಧ್ಯಾಯರೊಬ್ಬರಿದ್ದಾರೆ. ಹಬ್ಬದ ಸಂಜೆ ಅವರ ಮನೆಗೆ ನಾವು ನಾಲ್ಕೈದು ಮನೆಯವರು ಹೋಗುವುದು ಬಹುಕಾಲದ ಪದ್ಧತಿ. ಕರ್ಜಿಕಾಯಿ ಚಕ್ಕುಲಿಗಳ ತಟ್ಟೆಗಳು ಮೇಜಿನ ಮೇಲೆ ಸಿದ್ಧವಾಗಿರುತ್ತವೆ. ಆದರೆ ಯಾರೂ ಕೈಹಾಕುವಂತಿಲ್ಲ. ಮೊದಲು ಅವರು ಕನ್ನಡಕವನ್ನು ಹಾಕಿಕೊಂಡು, ರಟ್ಟು ಸಡಿಲವಾದ ಆ ಹಳೆಯ ಪುಸ್ತಕದಿಂದ ಲೂಕನ ಅಧ್ಯಾಯವನ್ನು ಓದುತ್ತಾರೆ. ನಾವು ಕೇಳುತ್ತೇವೆ. ಯಾರೂ ಯಾರನ್ನೂ ಮತಾಂತರ ಮಾಡಿಲ್ಲ, ಯಾರ ಸ್ನೇಹವೂ ಕೆಟ್ಟಿಲ್ಲ. ಕಳೆದ ಸಲ ನನ್ನ ಮೊಮ್ಮಗನು ಓದಿನ ನಡುವೆ ಬಾಯಿ ಹಾಕಿ, “ಮೇಷ್ಟ್ರು ತಾತ, ಗೋದಲಿ ಅಂದ್ರೇನು?” ಎಂದು ಕೇಳಿದನು.

“ಹಸುಗೆ ಮೇವು ಹಾಕ್ತಾರಲ್ಲಪ್ಪ, ಆ ತೊಟ್ಟಿ,” ಎಂದರು ಅವರು.

“ಹಾಗಾದ್ರೆ ಆವತ್ತು ರಾತ್ರಿ ಹಸು ಎಲ್ಲಿ ತಿಂತು?”

ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕದ ಅದೇ ಪುಟವನ್ನು ಮೊದಲಿನಿಂದ ಮತ್ತೆ ಓದತೊಡಗಿದರು.